ರಾಜಾರಾಮನ ಎಡಗೈ

ಮಂದಿಯನ್ನು ಕಂಡರೆ ರಾಜಾರಾಮನಿಗೆ ಆಗುತ್ತಿರಲಿಲ್ಲ. ಫೋಟೋ ತೆಗೆದು ಹೊಟ್ಟೆ ಹೊರೆಯುವವನಿಗೆ ಇದು ಇರಬಾರದ ಗುಣ ಎಂದು ಬಾಜೂ ಅಂಗಡಿಯ ಗಡಿಯಾರ ರಿಪೇರಿಯ ಜಾಫರಸಾಬ ಆಗಾಗ ಹೇಳುತ್ತಿದ್ದ.

"ಇರಬೇಕಾದ್ದ ಇದೊಂದ ಗುಣ, ಜಾಫರ," ಎನ್ನುತ್ತಿದ್ದ ರಾಜಾರಾಮ. "ನೀ ಹದಿನೈದ ವರ್ಷ ಒಂದ ಕಣ್ಣ ಮುಚ್ಚಿ ಮಂದೀನ ನೋಡು. ಆಮ್ಯಾಲೆ ಹೇಳು."

ಕಾಗವಾಡದ ಬಸ್ ನಿಲ್ದಾಣದ ಎದುರಿಗೆ ಅವನ ಸ್ಟುಡಿಯೋ. ನೀಲಿ ಕೊಳ, ಕೊಳದಲ್ಲಿ ಎರಡು ಹಂಸ ಬರೆದ ಪರದೆ, ಪರದೆಯ ಮುಂದೆ ಒಂದು ಸ್ಟೂಲು. ಆ ಸ್ಟೂಲಿನ ಮೇಲೆ ಕೂತ ಕೂಡಲೇ ಮನುಷ್ಯ ತನ್ನ ನಿಜವಾದ ಬುದ್ಧಿ ತೋರಿಸುತ್ತಾನೆಂದು ಅವನ ಲೆಕ್ಕ. ಕೈಗಡಿಯಾರ ಇದ್ದವನು ಅಂಗಿಯ ತೋಳನ್ನು ಮೊಣಕೈವರೆಗೆ ಏರಿಸುತ್ತಿದ್ದ. ಇಲ್ಲದವನು ಜಾಫರಸಾಬನ ಹತ್ತಿರ ರಿಪೇರಿಗೆ ಬಂದ, ಮುಳ್ಳು ನಿಂತ ಗಡಿಯಾರವನ್ನು ಐದು ನಿಮಿಷಕ್ಕೆ ಕಡ ತರುತ್ತಿದ್ದ. ಕಾರ್ಖಾನೆಯಿಂದ ಕಬ್ಬಿನ ಬಿಲ್ಲಿನ ಹಣ ಬಂದ ವಾರ ಕುತ್ತಿಗೆಗೆ ಹೊಸ ಸರ ಹಾಕಿಕೊಂಡು ಬಂದವರು ಸರ ಕಾಣಲೆಂದು ಗದ್ದವನ್ನು ಎಷ್ಟು ಎತ್ತುತ್ತಿದ್ದರೆಂದರೆ ಫೋಟೋದಲ್ಲಿ ಮೂಗಿನ ಹೊಳ್ಳೆಗಳಷ್ಟೇ ದೊಡ್ಡದಾಗಿ ಬರುತ್ತಿದ್ದವು. ಮುದುಕರು ಉಸಿರು ಹಿಡಿದು ಕಣ್ಣು ಕಿಸಿಯುತ್ತಿದ್ದರು. ಮನೆಯಲ್ಲಿ ಗಂಡನನ್ನು ಗದರಿಸುವ ಹೆಂಗಸು ಇಲ್ಲಿ ಬಂದು ಪೊಲೀಸ್ ಠಾಣೆಯಲ್ಲಿ ಕೂತವಳಂತೆ ಕೂರುತ್ತಿದ್ದಳು.

ಕೂಸುಗಳ ಮೇಲಂತೂ ಅವನಿಗೆ ಕಿಂಚಿತ್ತೂ ಮಮತೆ ಇರಲಿಲ್ಲ. ಕೂಸೆಂದರೆ ಅಳು, ಜೊಲ್ಲು, ಮತ್ತು ಒಂದು ಕಡೆ ನಿಲ್ಲದ ತಲೆ. ಆದರೆ ಮಂಗಸೂಳಿಯಿಂದ ಉಗಾರದವರೆಗೆ ಕೂಸುಗಳ ಫೋಟೋ ಅಂದರೆ ರಾಜಾರಾಮನದೇ. ಅವನು ತೆಗೆದ ಕೂಸಿನ ಕಣ್ಣಿನೊಳಗೆ ಬಾಗಿಲ ಚೌಕಟ್ಟು ಕೂಡ ಕಾಣುತ್ತಿತ್ತು.

ಅದರ ಗುಟ್ಟು ಅವನ ಕೈಯಲ್ಲಿತ್ತು. ಅವನ ಕ್ಯಾಮೆರಾ ಎಪ್ಪತ್ತೊಂಬತ್ತರಲ್ಲಿ ಕೊಲ್ಹಾಪುರದ ಒಬ್ಬ ಮುದುಕನಿಂದ ಕೊಂಡದ್ದು. ಅದರಲ್ಲಿ ತಾನಾಗಿ ಆಗುವುದು ಯಾವುದೂ ಇರಲಿಲ್ಲ. ಕಣ್ಣಿಟ್ಟು ನೋಡಿದರೆ ನಡುವೆ ಒಂದು ಗುಂಡನೆಯ ಗಾಜಿನ ಬಿಲ್ಲೆ, ಅವನ ಬಾಯಲ್ಲಿ ಕಾಜು. ಆ ಕಾಜಿನಲ್ಲಿ ಎದುರಿಗಿದ್ದವರ ಮುಖ ಮೂಗಿನ ಮೇಲೆ ಅಡ್ಡ ಕೊಯ್ದಂತೆ ಎರಡು ತುಂಡಾಗಿ ಕಾಣುತ್ತಿತ್ತು. ಎಡಗೈಯಿಂದ ಲೆನ್ಸಿನ ಬಳೆಯನ್ನು ತಿರುಗಿಸಿ ಮೇಲಿನ ತುಂಡನ್ನು ಕೆಳಗಿನ ತುಂಡಿನ ಮೇಲೆ ತಂದು ಕೂಡಿಸಿದರೆ ಫೋಕಸ್ ಕೂತಂತೆ. ಬಳೆ ಬಿಗಿಯಾದಾಗ ಜಾಫರಸಾಬ ಅದನ್ನು ಬಿಚ್ಚಿ, ಮೀರಜದಿಂದ ತರಿಸಿದ ದಪ್ಪ ಗ್ರೀಸು ಹಚ್ಚಿ ಕೊಡುತ್ತಿದ್ದ. ಹಚ್ಚಿದ ಮೇಲೆ ಅದು ಬೆಣ್ಣೆಯಲ್ಲಿ ಬೆರಳಾಡಿಸಿದಂತೆ ತಿರುಗುತ್ತಿತ್ತು. ಬಳೆಯ ಮೇಲೆ ಏಳು ಫೂಟಿನ ಗುರುತಿಗೆ ಹೆಂಡತಿಯ ಉಗುರುಬಣ್ಣದ ಕೆಂಪು ಚುಕ್ಕೆ. ಕ್ಯಾಮೆರಾದ ಪಟ್ಟಿಗೆ ಕಟ್ಟಿದ ಒಂದು ದಾರ, ದಾರದಲ್ಲಿ ಐದಕ್ಕೊಂದು, ಏಳಕ್ಕೊಂದು, ಹತ್ತಕ್ಕೊಂದು ಗಂಟು. ಕಾರ್ಯದ ಮನೆಗೆ ಎಲ್ಲರಿಗಿಂತ ಒಂದು ತಾಸು ಮೊದಲೇ ಹೋಗಿ ತೊಟ್ಟಿಲಿನಿಂದ, ಮಣೆಯಿಂದ, ಕಂಬದಿಂದ ದಾರ ಹಿಡಿದು ಅಳೆದು, ಎಲ್ಲಿ ನಿಲ್ಲಬೇಕೋ ಅಲ್ಲಿ ಸುಣ್ಣದ ಗೆರೆ ಎಳೆದುಕೊಳ್ಳುತ್ತಿದ್ದ. ಕೂಸಿನ ಹಿಂದೆ ಓಡುವವನು ಹುಚ್ಚ. ಕೂಸು ಬರುವ ಜಾಗ ಮೊದಲೇ ತಿಳಿದು ಅಲ್ಲಿಗೆ ಫೋಕಸ್ ಇಟ್ಟು ಕಾಯಬೇಕು. ಆಯಾ ಹೊತ್ತಿಗೆ ಎಡಗೈಯ ಎರಡು ಬೆರಳಲ್ಲಿ ಕೂದಲೆಳೆಯಷ್ಟು ತಿರುವಿದರೆ ಸಾಕು.

ಇನ್ನೊಂದು ವಿದ್ಯೆಯೂ ಅವನಿಗೆ ಗೊತ್ತಿತ್ತು. ಕಾರ್ಯದ ಮನೆಯಲ್ಲಿ ನೂರು ಮಂದಿ ನೂರು ಸಲ ಬಂದು "ನಂದೊಂದ ಹೊಡಿಯೋ, ನಮ್ಮ ಮಗಳದೊಂದ ಹೊಡಿ" ಎಂದು ಬೆನ್ನು ಹತ್ತುತ್ತಿದ್ದರು. ರೀಲಿನಲ್ಲಿ ಇರುವುದು ಮೂವತ್ತಾರು. ಬೀಗರು, ಹಿರಿಯರು, ಶಾಸ್ತ್ರ ಇವಕ್ಕೇ ಅವು ಸಾಲುತ್ತಿರಲಿಲ್ಲ. ಹೀಗಾಗಿ ಬೆನ್ನು ಹತ್ತಿದವರನ್ನು ರಾಜಾರಾಮ ಸಾಲಾಗಿ ನಿಲ್ಲಿಸಿ, ಕ್ಯಾಮೆರಾವನ್ನು ಕಣ್ಣಿಗಿಟ್ಟು, ಫ್ಲ್ಯಾಶಿನ ಹಿಂದಿನ ಪರೀಕ್ಷೆಯ ಗುಂಡಿಯನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದ. ಫಳಕ್ಕನೆ ಬೆಳಕು ಬೀಳುತ್ತಿತ್ತು, ರೀಲು ಮಾತ್ರ ಇದ್ದಲ್ಲೇ ಇರುತ್ತಿತ್ತು. ಒಣ ಬೆಳಕು ಎಂದು ಅದಕ್ಕೆ ಅವನೇ ಇಟ್ಟ ಹೆಸರು. ಆ ಮಂದಿ ಹಲ್ಲು ಕಿಸಿದು ಹೋಗಿ ಊಟಕ್ಕೆ ಕೂರುತ್ತಿದ್ದರು. ಫೋಟೋ ಎಲ್ಲಿ ಎಂದು ನೂರರಲ್ಲಿ ಇಬ್ಬರು ಕೇಳಿದರೆ ಹೆಚ್ಚು. ಕೇಳಿದವರಿಗೆ "ನೀವ ಕಣ್ಣ ಮುಚ್ಚಿದ್ರಿ, ಕೆಟ್ಟಿತು" ಎಂದರೆ ತಮ್ಮದೇ ತಪ್ಪೆಂದು ನಾಚುತ್ತಿದ್ದರು.

"ಇಷ್ಟ ಬೆಳಕಿಗೆ ಖುಷಿ ಆಗೋ ಮಂದಿ," ಎಂದು ಜಾಫರಸಾಬನ ಮುಂದೆ ನಗುತ್ತಿದ್ದ. "ಇವರಿಗೆ ಫೋಟೋ ಯಾಕ ಬೇಕು? ಬ್ಯಾಟರಿ ಕೊಟ್ರ ಮುಖಕ್ಕ ಹಿಡಕೊಂಡ ಕುಂದರತಾರ."

ಜಾಫರಸಾಬ ನಗುತ್ತಿರಲಿಲ್ಲ. ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ತೆಗೆಯದೆ, "ನಿಂತ ಗಡಿಯಾರ ನಡಿತೈತಿ ಅಂತ ನಾ ಒಬ್ಬರಿಗೂ ಕೊಟ್ಟಿಲ್ಲ," ಎಂದಷ್ಟೇ ಹೇಳುತ್ತಿದ್ದ.

ತೊಂಬತ್ತನಾಲ್ಕರ ಮಾಘದಲ್ಲಿ ಶೇಡಬಾಳದ ವಿರುಪಾಕ್ಷಪ್ಪ ಸಾವ್ಕಾರರ ಮನೆಯಿಂದ ಕರೆ ಬಂತು. ಅವರ ಮಗ ಧರೆಪ್ಪ ಮಿಲಿಟರಿಯಲ್ಲಿ ಝಾನ್ಸಿಯಲ್ಲಿದ್ದವನು ರಜೆಯ ಮೇಲೆ ಬಂದಿದ್ದ. ಅವನ ಗಂಡು ಕೂಸಿಗೆ ಮೂರು ತಿಂಗಳು. ತೊಟ್ಟಿಲ ಕಾರ್ಯ, ಜೊತೆಗೆ ಇನ್ನೂ ದೊಡ್ಡದೊಂದು ಶಾಸ್ತ್ರ: ವಿರುಪಾಕ್ಷಪ್ಪನ ತಾಯಿ ಶಿವಗಂಗವ್ವ ಎಂಬತ್ತನಾಲ್ಕಕ್ಕೆ ಮರಿಮಗನ ಮುಖ ಕಂಡಿದ್ದಳು. ಮರಿಮಗನ ಮುಖ ಕಂಡ ಮುದುಕಿಯ ತಲೆಯ ಮೇಲೆ ಬಂಗಾರದ ಹೂವು ಸುರಿಯಬೇಕು. ಅಕ್ಕಸಾಲಿಗನ ಕಡೆಯಿಂದ ಕಿರುಬೆರಳ ಉಗುರಿನಷ್ಟು ತೆಳ್ಳನೆಯ ಇಪ್ಪತ್ತೊಂದು ಹೂವು ಮಾಡಿಸಿ ಇಟ್ಟಿದ್ದರು.

ರಾಜಾರಾಮ ಒಂದು ತಾಸು ಮೊದಲೇ ಹೋದ. ಪಡಸಾಲೆಯಲ್ಲಿ ದಾರ ಬಿಚ್ಚಿ ಇನ್ನೂ ಮಂಡಿಯೂರಿರಲಿಲ್ಲ, ವಿರುಪಾಕ್ಷಪ್ಪ ಕೂಗಿದ.

"ಏ ರಾಜಾರಾಮ, ಇಲ್ಲಿ ಬಾರೋ. ನಮ್ಮ ಅಳ್ಯಾರು ಸಾಂಗ್ಲಿಯಿಂದ ಕ್ಯಾಮೆರಾ ತಂದಾರ ನೋಡು. ಏನೂ ತಿರವೂದಿಲ್ಲಂತ. ತಾನ ನೋಡತೈತಿ, ತಾನ ಹೊಡಿತೈತಿ."

"ಹಂಗಾರ ಅಳ್ಯಾರು ಯಾಕ ತ್ರಾಸ ತಗೊಂಡ್ರಿ ಸಾವ್ಕಾರ್ರ? ಕ್ಯಾಮೆರಾನ ಎಸ್ಟೀ ಬಸ್ಸಿಗೆ ಹತ್ತಿಸಿ ಕಳಿಸಿದ್ರ ಬರತಿತ್ತು."

ಕಂಬಕ್ಕೆ ಒರಗಿದ್ದ ಅಳಿಯ ಬಾಪುಸಾಹೇಬ ನಕ್ಕ. ಮೂವತ್ತರ ಹರೆಯ, ಸಾಂಗ್ಲಿಯಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ. ಅವನ ಅಂಗೈಯಲ್ಲಿ ಸಾಬೂನಿನ ಡಬ್ಬಿಯಂಥ ಕರಿ ಕ್ಯಾಮೆರಾ. "ಕಾಕಾ, ಆಟೋಫೋಕಸ್ ಐತಿ ಇದು. ನಿಮ್ಮಂಗ ಅರ್ಧಾ ತಾಸ ಕಣ್ಣ ಕಿವುಚೂದ ಬ್ಯಾಡ. ಅದೇನ್ರಿ ಕೈಯಾಗ, ದಾರ? ಮನಿ ಕಟ್ಟಸಾಕ ಬಂದೀರೇನ?"

ಪಡಸಾಲೆಯಲ್ಲಿ ಕೂತಿದ್ದ ನಾಲ್ಕು ಮಂದಿ ನಕ್ಕರು. ವಿರುಪಾಕ್ಷಪ್ಪ ಕೈ ಎತ್ತಿ ತಡೆದ. "ನಗಬ್ಯಾಡ್ರಿ. ಇಬ್ಬರೂ ತಗೀರಿ. ಯಾರವು ಚಲೋ ಬರತಾವ ಅವು ಅಲ್ಬಮ್ಮಿಗೆ. ವೈಶಾಖದಾಗ ನಮ್ಮ ಸಣ್ಣಾಕಿ ಲಗ್ನ ಐತಿ. ಅದು ಯಾರ ಕೈಯಾಗ ಅನ್ನೂದೂ ಅವಾಗ ಠರಾವ ಮಾಡೂಣು."

ಒಂದೇ ಲಗ್ನದ ಮಾತಾಗಿದ್ದರೆ ರಾಜಾರಾಮ ಉಗುಳಿ ಹೋಗುತ್ತಿದ್ದ. ಆದರೆ ಈ ಮನೆ ಯಾರನ್ನು ಕರೆಯುತ್ತದೋ ಅವರನ್ನೇ ಉಳಿದ ತೋಟದ ಮನೆಗಳೆಲ್ಲ ಕರೆಯುತ್ತಿದ್ದವು. ಇಲ್ಲಿ ಆ ಸಾಬೂನಿನ ಡಬ್ಬಿ ಗೆದ್ದರೆ ಕಾಗವಾಡದ ಸ್ಟೂಲಿನ ಮೇಲೆ ರೇಷನ್ ಕಾರ್ಡಿನ ಮುಖಗಳಷ್ಟೇ ಉಳಿಯುತ್ತವೆ. ಹದಿನೈದು ವರ್ಷ ಈ ಮನೆಯ ಪ್ರತಿಯೊಂದು ಮೂಗನ್ನೂ ಎರಡು ತುಂಡಿನಿಂದ ಒಂದು ಮಾಡಿದವನನ್ನು ಒಬ್ಬ ಟ್ರ್ಯಾಕ್ಟರ್ ಬೋಲ್ಟಿನವನ ಜೊತೆ ಪರೀಕ್ಷೆಗೆ ಕೂರಿಸಿದ್ದಾರಲ್ಲ ಎಂದು ಅವನ ಮೈ ಉರಿಯಿತು. ಹೋಗಿ ದಾರ ಹಿಡಿದ.

ದಾರದ ಇನ್ನೊಂದು ತುದಿ ಹಿಡಿಯಲು ಯಾರೂ ಇರಲಿಲ್ಲ. ಅಡುಗೆಮನೆಯ ಬಾಗಿಲಿನಿಂದ ಕಾಳವ್ವ ಬಂದು ತುದಿಯನ್ನು ತೊಟ್ಟಿಲ ಕಂಬಕ್ಕೆ ಒತ್ತಿ ಹಿಡಿದಳು.

ಕಾಳವ್ವ ವಿರುಪಾಕ್ಷಪ್ಪನ ತಂಗಿ. ಹದಿನಾರಕ್ಕೆ ಗಂಡ ಸತ್ತು ತವರಿಗೆ ಬಂದವಳು, ಈಗ ಐವತ್ತು ದಾಟಿತ್ತು. ಈ ಮನೆಯ ಕೂಸುಗಳನ್ನೆಲ್ಲ ಎರೆದು, ಎಣ್ಣೆ ತಿಕ್ಕಿ, ಹೊಗೆ ಹಾಕಿ ಬೆಳೆಸಿದವಳು ಅವಳೇ. ಈ ಕೂಸಿನ ತಾಯಿ ಬಾಣಂತನದಲ್ಲಿ ಜ್ವರ ಹಿಡಿದು ಮಲಗಿದಾಗ ಮೂರು ತಿಂಗಳೂ ಕೂಸು ಕಾಳವ್ವನ ತೊಡೆಯ ಮೇಲೇ ಇತ್ತು. ಆದರೆ ಕಾರ್ಯದ ದಿನ ಶಾಸ್ತ್ರ ಶುರುವಾಯಿತೆಂದರೆ ಮುಗಿಯುವವರೆಗೆ ಅವಳು ಮುಂದೆ ಬರುವಂತಿರಲಿಲ್ಲ. ಬಾಗಿಲ ಹಿಂದಿನಿಂದ ಅರಿಷಿಣ, ಕುಂಕುಮ, ಎಲೆ, ಅಡಕೆ ಒಂದೊಂದಾಗಿ ಕೈಚಾಚಿ ಕೊಡುವುದಷ್ಟೇ ಅವಳ ಪಾಲಿನ ಕಾರ್ಯ. ಅವಳೇನಾದರೂ ಫೋಟೋದ ಅಂಚಿಗೆ ಬಂದರೆ ರಾಜಾರಾಮ ಅರ್ಧ ಹೆಜ್ಜೆ ಬಲಕ್ಕೆ ಸರಿದು ಬಿಡುತ್ತಿದ್ದ. ಯಾರೂ ಹಾಗೆ ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

"ಏಳಕ್ಕ ಗಂಟ ಬಂತೇನಪಾ?" ಎಂದಳು.

"ಬಂತ ಬಿಡ್ರಿ," ಎಂದ ರಾಜಾರಾಮ, ಅವಳತ್ತ ನೋಡದೆ.

"ಈ ಸಲ ನಂದೊಂದ ಕೂಸಿನ ಕೂಡ ಹೊಡದ ಬಿಡೋ, ತಮ್ಮಾ. ಎಲ್ಲಾ ಮುಗದ ಮ್ಯಾಲ ಸಾಕು. ಬರೂ ಸೋಮವಾರ ಅವರು ಝಾನ್ಸಿಗೆ ಹೋಗತಾರ. ಮತ್ತ ಯಾವಾಗ ನೋಡತೀನೋ."

"ಹೂಂ, ಹೂಂ. ಆಮ್ಯಾಲೆ ನೋಡೂಣು."

ಕಾರ್ಯ ಶುರುವಾಯಿತು. ಹೆಂಗಸರು ಎರಡು ಸಾಲಾಗಿ ನಿಂತು, ಹಾಡುತ್ತ, ಕೂಸನ್ನು ತೊಟ್ಟಿಲ ಮೇಲಿಂದ ಒಬ್ಬರು ಕೊಟ್ಟು ಕೆಳಗಿನಿಂದ ಇನ್ನೊಬ್ಬರು ತೆಗೆದುಕೊಳ್ಳುತ್ತಿದ್ದರು. ಬಾಪುಸಾಹೇಬ ಕೂಸಿನ ಹಿಂದೆ ಹಿಂದೆ ಓಡಾಡಿದ. ಕೂಸು ಮೇಲಿದ್ದಾಗ ಇವನು ಕೆಳಗೆ ಬಾಗುತ್ತಿದ್ದ, ಇವನು ಎದ್ದಾಗ ಕೂಸು ಕೆಳಗಿರುತ್ತಿತ್ತು. ಡಬ್ಬಿ ಚಿಂವ್ ಚಿಂವ್ ಎನ್ನುತ್ತಿತ್ತು. ಯಾರದೋ ಸೆರಗು ಕಾಲಿಗೆ ಸಿಕ್ಕಿ ಅವನು ಮುಗ್ಗರಿಸಿದ. ರಾಜಾರಾಮ ತನ್ನ ಸುಣ್ಣದ ಗೆರೆಯ ಮೇಲೆ ಒಂಟಿ ಮಂಡಿಯೂರಿ ಕೂತೇ ಇದ್ದ. ಕೂಸು ಕೆಳಗಿನಿಂದ ಹೊರಬರುವ ಜಾಗಕ್ಕೆ, ತೊಟ್ಟಿಲಿಗೆ ಕಟ್ಟಿದ ಹಸಿರು ಗೊಂಡೆಗೆ, ಫೋಕಸ್ ಇಟ್ಟಿದ್ದ. ಒಂದು ಸಲ, ಎರಡು ಸಲ ಬಿಟ್ಟ. ಮೂರನೆಯ ಸಲ ಗೊಂಡೆ ಕೂಸಿನ ಹಣೆಗೆ ತಾಗಿ, ಅದು ಅಳಲೋ ನಗಲೋ ಎಂದು ಬಾಯಿ ತೆರೆದ ಹೊತ್ತಿಗೆ ಒತ್ತಿದ. ಒಂದೇ ಒಂದು.

ಬಂಗಾರದ ಹೂವಿನ ಹೊತ್ತಿಗೂ ಹಾಗೆಯೇ. ಶಿವಗಂಗವ್ವ ಮಣೆಯ ಮೇಲೆ ಕೂಸನ್ನು ಎತ್ತಿಕೊಂಡು ಕೂತಳು. ಧರೆಪ್ಪ ಹೂವಿನ ಪಕಳೆಗಳಲ್ಲಿ ಬೆರೆಸಿದ ಬಂಗಾರವನ್ನು ಮೊರದಿಂದ ಸುರಿದ. ರಾಜಾರಾಮನ ಕಾಜಿನಲ್ಲಿ ಮುದುಕಿಯ ಮುಖ ಎರಡಾಗಿ ಇತ್ತು. ಎಡಗೈಯ ಬೆರಳು ಕೂದಲೆಳೆಯಷ್ಟು ತಿರುಗಿದವು, ಮೇಲಿನ ಮೂಗುತಿ ಕೆಳಗಿನ ಮೂಗುತಿಯ ಮೇಲೆ ಬಂದು ಕೂತಿತು, ಒತ್ತಿದ. ಬಾಪುಸಾಹೇಬನ ಡಬ್ಬಿ ಅದೇ ಗಳಿಗೆಗೆ ರೀಲು ಮುಗಿದು, ಗುರ್ರ್ ಎಂದು ತಾನೇ ಹಿಂದಕ್ಕೆ ಸುತ್ತಿಕೊಳ್ಳತೊಡಗಿತು. ಅವನು ಅದನ್ನು ಅಲ್ಲಾಡಿಸಿ ನೋಡಿದ.

"ಹೊಟ್ಟಿ ಕೆಟ್ಟೈತೇನ್ರಿ ಅದರದು?" ಎಂದು ರಾಜಾರಾಮ ಕಣ್ಣು ತೆಗೆಯದೆ ಕೇಳಿದ. ಈ ಸಲ ಆ ನಾಲ್ಕು ಮಂದಿ ಅವನ ಮಾತಿಗೆ ನಕ್ಕರು.

ಶಾಸ್ತ್ರ ಮುಗಿದು ಮಂದಿ ಎಲೆಗೆ ಕೂತರು. ರಾಜಾರಾಮನ ರೀಲಿನಲ್ಲಿ ಮೂರು ಉಳಿದಿದ್ದವು. ವಿರುಪಾಕ್ಷಪ್ಪ ಬೀಗರನ್ನೆಲ್ಲ ಕೂರಿಸಿಕೊಂಡು ಒಂದು ದೊಡ್ಡ ಗುಂಪಿನ ಫೋಟೋ ಆಗಬೇಕೆಂದಿದ್ದ. ಅದಕ್ಕೆ ಎರಡಾದರೂ ಬೇಕು, ಯಾರಾದರೊಬ್ಬ ಕಣ್ಣು ಮುಚ್ಚೇ ಮುಚ್ಚುತ್ತಾನೆ. ಇನ್ನೊಂದು ಕೈಯಲ್ಲಿರಲಿ.

ಪಡಸಾಲೆ ಖಾಲಿಯಾದಾಗ ಕಾಳವ್ವ ಬಂದಳು. ಕೈಕಾಲು ತೊಳೆದು, ಒಗೆದ ಸೀರೆ ಉಟ್ಟಿದ್ದಳು. ಮಲಗಿದ್ದ ಕೂಸನ್ನು ತೊಟ್ಟಿಲಿನಿಂದ ಎತ್ತಿ ಹೆಗಲಿಗೆ ಹಾಕಿಕೊಂಡಳು. ಅವಳ ಕೈ ತಾಗಿದ್ದೇ ಅದು ಎಚ್ಚರವಾಗಿ, ಅಳದೆ, ಅವಳ ಕಿವಿ ಹಿಡಿಯಲು ನೋಡಿತು. ಅವಳು ತೊಟ್ಟಿಲ ಪಕ್ಕಕ್ಕೆ ನಿಂತು ಸೆರಗು ಸರಿಮಾಡಿಕೊಂಡಳು.

"ಹೊಡಿ, ತಮ್ಮಾ."

ರಾಜಾರಾಮ ಸುಣ್ಣದ ಗೆರೆಯ ಮೇಲೆ ನಿಂತಿದ್ದ. ಹೊಟ್ಟೆ ಹಸಿದಿತ್ತು. ಈ ಹೆಂಗಸಿನ ಫೋಟೋ ಯಾವ ಅಲ್ಬಮ್ಮಿನಲ್ಲಿ ಅಂಟಿಸುತ್ತಾರೆ? ಕ್ಯಾಮೆರಾ ಎತ್ತಿ ಕಣ್ಣಿಗಿಟ್ಟ. ಹೆಬ್ಬೆರಳಿನಿಂದ ಹಿಂದಿನ ಗುಂಡಿ ಒತ್ತಿದ. ಫಳಕ್ಕನೆ ಬೆಳಕು ಬಿತ್ತು.

"ಆತ್ರಿ. ಭಾರಿ ಬರತೈತಿ."

ಕಾಳವ್ವ ನಿಂತ ಜಾಗದಿಂದ ಕದಲಲಿಲ್ಲ. ಅವಳು ಕ್ಯಾಮೆರಾವನ್ನು ನೋಡಿರಲಿಲ್ಲ, ಅವನ ಕೈಯನ್ನು ನೋಡುತ್ತಿದ್ದಳು. ಬೆಳಕು ಬಿದ್ದ ಮೇಲೂ ಅದನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಹೊಸ ರೀಲು ಹಾಕಿಕೊಂಡು ಬಂದ ಬಾಪುಸಾಹೇಬ, "ಅತ್ತಿ, ಅಲ್ಲೇ ನಿಲ್ಲರಿ, ನಂದೂ ಒಂದಾಗಲಿ" ಎಂದು ತೊಟ್ಟಿಲೂ ಬರಲೆಂದು ಡಬ್ಬಿಯನ್ನು ಅಡ್ಡ ಹಿಡಿದು ಚಿಂವ್ ಎನಿಸಿ ಹೋದ.

ಆಮೇಲೆ ಗುಂಪಿನ ಫೋಟೋ ಆಯಿತು. ರಾಜಾರಾಮ ನಾಲ್ಕು ಹೋಳಿಗೆ ಉಂಡು ಬಸ್ಸು ಹತ್ತಿದ.

ಹತ್ತು ದಿನಕ್ಕೆ ಮೀರಜದಿಂದ ಇಬ್ಬರ ಫೋಟೋಗಳೂ ಬಂದವು. ಧರೆಪ್ಪ ಹೆಂಡತಿ ಕೂಸಿನೊಂದಿಗೆ ಝಾನ್ಸಿಗೆ ಹೋಗಿಯಾಗಿತ್ತು. ವಿರುಪಾಕ್ಷಪ್ಪ ಪಡಸಾಲೆಯಲ್ಲಿ ಜಮಖಾನೆ ಹಾಸಿ, ಕನ್ನಡಕ ಹಾಕಿ ಕೂತ. ಪಕ್ಕದಲ್ಲಿ ಶಿವಗಂಗವ್ವ. ಅಡುಗೆಮನೆಯ ಬಾಗಿಲಲ್ಲಿ ಕಾಳವ್ವ, ಅವಳ ಹಿಂದೆ ಕೆಲಸದ ಹೆಂಗಸರು.

ಮೊದಲು ಅಳಿಯನವು. ಬಾಪುಸಾಹೇಬ ಒಂದೊಂದನ್ನೇ ಕೊಟ್ಟಂತೆ ಅವನ ಮುಖ ಸಣ್ಣದಾಗುತ್ತ ಹೋಯಿತು. ಅವನು ಎಲ್ಲರನ್ನೂ ಇಬ್ಬಿಬ್ಬರಾಗಿ ನಿಲ್ಲಿಸಿದ್ದ. ಡಬ್ಬಿ ಇಬ್ಬರ ತಲೆಗಳ ನಡುವಿನ ಸಂದಿಯಲ್ಲಿ ನೋಡಿ, ಹಿಂದಿನ ಗೋಡೆಗೆ ಫೋಕಸ್ ಇಟ್ಟಿತ್ತು. ಹೀಗಾಗಿ ಗೋಡೆಯ ಮೇಲಿನ ಕ್ಯಾಲೆಂಡರಿನ ತಾರೀಖು ಓದಲು ಬರುತ್ತಿದ್ದವು, ಅದರ ಮುಂದಿನ ಬೀಗರು ಮಾತ್ರ ನೀರಿನಲ್ಲಿ ಕೂತಂತಿದ್ದರು.

"ಏನೋ ಬಾಪು ಇದು? ಕ್ಯಾಲೆಂಡರದ ತೊಟ್ಟಲಾ ಮಾಡೀವೇನ ನಾವು?" ಎಂದ ವಿರುಪಾಕ್ಷಪ್ಪ.

"ಲ್ಯಾಬಿನವರದ ಏನೋ ಮಿಸ್ಟೇಕ್ ಆಗೈತ್ರಿ ಮಾವಾ."

"ಲ್ಯಾಬಿನವರು ಗ್ವಾಡೀನ ಮುಂದ ತಂದಾರೇನ?" ಎಂದ ರಾಜಾರಾಮ. ತನ್ನ ಲಕೋಟೆಯನ್ನು ಜಮಖಾನೆಯ ಮೇಲೆ, ಇಸ್ಪೀಟಿನ ಕೊನೆಯ ಎಲೆ ಹಾಕುವವನಂತೆ, ಇಟ್ಟ.

ಹಸಿರು ಗೊಂಡೆ ಹಣೆಗೆ ತಾಗಿದ ಕೂಸು. ಮುದುಕಿಯ ಸುಕ್ಕಿನ ಮೇಲೆ ಕೂತ ಒಂದು ಬಂಗಾರದ ಹೂವು, ಇನ್ನೊಂದು ಗಾಳಿಯಲ್ಲಿ. ಶಿವಗಂಗವ್ವ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು, "ನನ್ನ ಮೂಗುತಿ ಹರಳ ಸೈತ ಕಾಣತಾವಲ್ಲೋ!" ಎಂದಳು. ವಿರುಪಾಕ್ಷಪ್ಪ ತೊಡೆ ತಟ್ಟಿದ. ಗುಂಪಿನ ಫೋಟೋದಲ್ಲಿ ಹದಿನೆಂಟು ಮಂದಿಯ ಮೂವತ್ತಾರು ಕಣ್ಣೂ ತೆರೆದಿದ್ದವು. ರಾಜಾರಾಮ ಮೀಸೆ ಸವರಿಕೊಂಡು ಬಾಪುಸಾಹೇಬನನ್ನು ನೋಡಿದ. ಮನಸ್ಸು ತಣ್ಣಗಾಯಿತು.

"ನಂದ ಎಲ್ಲೈತಿ?"

ಬಾಗಿಲಿನಿಂದ ಬಂದ ಮಾತು. ಕಾಳವ್ವನದು.

"ಅದ... ಅದು ಕೆಟ್ಟಿತ್ರಿ ಕಾಳಕ್ಕ. ರೀಲಿನ ತುದೀಗೆ ಬಂದಿತ್ತು. ತುದ್ಯಾಗಿನವು ಒಮ್ಮೊಮ್ಮೆ ಬೆಳಕ ಬಿದ್ದ ಹೋಗತಾವ."

"ನಂದು ಹೊಡದ ಮ್ಯಾಲ ಅಣ್ಣನ ಗುಂಪಿಂದು ಹೊಡದಿ. ಅದು ತುದೀದಲ್ಲ?"

ಈ ಮನೆಯಲ್ಲಿ ಅವಳು ಇಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ರಾಜಾರಾಮ ಕೇಳಿರಲಿಲ್ಲ.

"ನಿನ್ನ ಎಡಗೈ ತಿರಗಲಿಲ್ಲ, ರಾಜಾರಾಮ," ಎಂದಳು ಕಾಳವ್ವ. "ಹದಿನೈದ ವರ್ಷ ಈ ಬಾಗಲದಾಗ ನಿಂತ ನಿನ್ನ ಕೈ ನೋಡೀನಿ. ನನಗ ಮತ್ತೇನ ಕೆಲಸಿತ್ತು? ಅವ್ವನ ಮುಂದ ತಿರಗತೈತಿ, ಅಣ್ಣನ ಮುಂದ ತಿರಗತೈತಿ, ಬೀಗರ ಮುಂದ ತಿರಗತೈತಿ. ಈ ಹೆಣಮಕ್ಕಳ ಮುಂದ ತಿರಗಂಗಿಲ್ಲ, ಇವರ ಫೋಟೋನೂ ಬರಂಗಿಲ್ಲ. ಬರೇ ಬೆಳಕ ಹೊಡದ ಕಳಸ್ತಿ."

ಹಿಂದೆ ನಿಂತಿದ್ದ ಕೆಲಸದ ಹೆಂಗಸರಲ್ಲಿ ಒಬ್ಬಳು "ಅಯ್ಯ ಶಿವನ" ಎಂದಳು.

"ಏಳು ಫೂಟಿಗೆ ಮೊದಲ ಇಟ್ಟಿದ್ನಿರಿ," ಎಂದ ರಾಜಾರಾಮ. ವಿರುಪಾಕ್ಷಪ್ಪನ ಕಡೆ ತಿರುಗಿ ಕ್ಯಾಮೆರಾ ತೋರಿಸಿದ. "ನೋಡ್ರಿ ಸಾವ್ಕಾರ್ರ, ಈ ಕೆಂಪ ಚುಕ್ಕಿ. ಗೆರಿ ಮ್ಯಾಲ ನಿಂತ್ರ ತಿರವೂ ಜರೂರ ಇಲ್ಲ. ಅಕ್ಕಾರಿಗೆ ಇದರಾಗ ಏನ ತಿಳಿಬೇಕು?"

ಅದು ಸುಳ್ಳಲ್ಲ. ಆದರೆ ಫೋಟೋ ಎಲ್ಲಿ ಎಂಬುದಕ್ಕೆ ಅದು ಉತ್ತರವೂ ಅಲ್ಲ, ಅಷ್ಟು ವಿರುಪಾಕ್ಷಪ್ಪನಿಗೂ ತಿಳಿಯಿತು. ಅವನು ಕನ್ನಡಕದ ಮೇಲಿಂದ ರಾಜಾರಾಮನನ್ನು ಒಂದು ಗಳಿಗೆ ನೋಡಿದ. ಆಮೇಲೆ ನಕ್ಕ.

"ಇರಲಿ ಬಿಡ ಕಾಳಿ. ನಿಂದೊಂದ ಇರದಿದ್ರ ಅಲ್ಬಮ್ಮೇನ ಕಡಿಮಿ ಆಗತೈತಿ? ಏ ರಾಜಾರಾಮ, ವೈಶಾಖ ಹನ್ನೆರಡಕ್ಕ ಲಗ್ನ. ಬ್ಯಾರೆ ಕಡೆ ಒಪ್ಪಕೋಬ್ಯಾಡ."

ರಾಜಾರಾಮ ಗೆದ್ದಿದ್ದ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಆ ಮನೆಯಲ್ಲಿ ಬುದ್ಧಿ ಇರುವವನು ಸಾವ್ಕಾರನೊಬ್ಬನೇ ಎಂದುಕೊಂಡ. ಜಾಫರಸಾಬನಿಗೆ ಎಲ್ಲ ಹೇಳಿ, ಗ್ವಾಡಿಯ ಕ್ಯಾಲೆಂಡರಿನ ಮಾತಿಗೆ ತಾನೇ ನಕ್ಕ. ಕಾಳವ್ವನ ಮಾತನ್ನೂ ಹೇಳಿದ. "ಎಂಥಾ ಹೆಂಗಸ ನೋಡು. ಬಾಗಲದಾಗ ನಿಂತ ಕೈ ಎಣಸ್ತಾಳಂತ."

ಜಾಫರಸಾಬ ಭೂತಗನ್ನಡಿ ತೆಗೆದು ಮೇಜಿನ ಮೇಲಿಟ್ಟ. "ಆಕಿ ಒಬ್ಬಾಕಿನ ನಿನ್ನ ಕೆಲಸ ನೋಡ್ಯಾಳ ಹಂಗಾರ," ಎಂದ. "ಉಳದವರು ಬರೇ ಫೋಟೋ ನೋಡ್ಯಾರ."

ವೈಶಾಖದ ಹೊತ್ತಿಗೆ ಆ ಮಾತು ಅಡುಗೆಮನೆಯಿಂದ ತೋಟಕ್ಕೆ, ತೋಟದಿಂದ ದ್ರಾಕ್ಷಿ ಒಣಗಿಸುವ ಶೆಡ್ಡಿಗೆ, ಅಲ್ಲಿಂದ ಮೂರೂರಿಗೆ ಹೋಗಿತ್ತು. ರಾಜಾರಾಮ ಚಪ್ಪರಕ್ಕೆ ಕಾಲಿಟ್ಟದ್ದೇ ಹೂವಿನ ಸರ ಕಟ್ಟುತ್ತ ಕೂತಿದ್ದ ಹೆಂಗಸರು ತಲೆ ಎತ್ತಿದರು.

"ಬಂದನವಾ ಬೆಳಕಿನ ಸಾಹೇಬ."

"ಏ ರಾಜಾರಾಮಣ್ಣಾ, ನಮ್ಮ ಮಗಳ ಲಗ್ನದಾಗ ನಂದ ನಾಕ ಹೊಡದಿದ್ದಿ. ನಾಕಕ್ಕ ನಾಕೂ ಕಣ್ಣ ಮುಚ್ಚೀದಿ ಅಂದಿ. ನಾ ಏನ ಕುರುಡಿ ಏನೋ?"

"ಕೈ ತಿರವಪಾ ಮೊದಲ, ಕೈ ತಿರವು. ಆಮ್ಯಾಲ ಹಲ್ಲ ತಗೀತೀವಿ."

ಎಲ್ಲಿ ಕ್ಯಾಮೆರಾ ಎತ್ತಿದರೂ ಎದುರಿಗಿದ್ದವರು ಮುಖ ಬಿಟ್ಟು ಅವನ ಎಡಗೈ ನೋಡುತ್ತಿದ್ದರು. ಮದುಮಗನ ಕಡೆಯ ಬೀಗರು ಕೂಡ, ಯಾರೋ ಹೇಳಿಕೊಟ್ಟಂತೆ, ಅಲ್ಲೇ ನೋಡಿದರು. ಹೀಗಾಗಿ ಅರ್ಧ ಫೋಟೋಗಳಲ್ಲಿ ಮಂದಿಯ ಕಣ್ಣು ಕೆಳಗೆ ಬಿದ್ದವು. ಅಕ್ಷತೆ ಮುಗಿಯುವಷ್ಟರಲ್ಲಿ ಅವನು ನಾಲ್ಕು ರೀಲು ಮುಗಿಸಿದ್ದ. ಹದಿನೈದು ವರ್ಷದಲ್ಲಿ ಅವನು ಎಂದೂ ರೀಲಿಗೆ ಹಿಡಿಯದಿದ್ದ ಮುಖಗಳೆಲ್ಲ ಒಂದರ ಹಿಂದೊಂದು ಕಾಜಿನಲ್ಲಿ ಎರಡು ತುಂಡಾಗಿ ಬಂದು ನಿಲ್ಲುತ್ತಿದ್ದವು, ಅವನು ಹಲ್ಲು ಕಚ್ಚಿ ಕೂಡಿಸುತ್ತಿದ್ದ. ಬೆರಳು ಜೋಮು ಹಿಡಿದವು.

ಕಡೆಗೆ ಅವನಿಗೆ ತಡೆಯಲಾಗಲಿಲ್ಲ. ಈ ರಗಳೆಯ ಬೇರು ಎಲ್ಲಿದೆಯೋ ಅಲ್ಲೇ ಕಿತ್ತರಾಯಿತೆಂದು, ಎಲ್ಲರಿಗೂ ಕೇಳುವಂತೆ ಅಡುಗೆಮನೆಯ ಬಾಗಿಲಿಗೆ ಹೋಗಿ ಕೂಗಿದ.

"ಬರ್ರಿ ಕಾಳಕ್ಕ! ಇಲ್ಲೇ ನಿಲ್ಲರಿ, ಏಳು ಫೂಟಿಗೆ. ಎಲ್ಲಾರ ಮುಂದ ಹೊಡೀತೀನಿ. ಕೈನೂ ತಿರವತೀನಿ, ಎಣಿಸಿಕೋರಿ."

ಕಾಳವ್ವ ದೊಡ್ಡ ಪಾತೇಲೆಯಿಂದ ಸಾರು ಬಗ್ಗಿಸುತ್ತಿದ್ದಳು. ಸೌಟು ಕೆಳಗಿಟ್ಟು, ಸೆರಗಿನಿಂದ ಹಣೆ ಒರೆಸಿಕೊಂಡು ತಿರುಗಿದಳು. ರಾಜಾರಾಮ ಕ್ಯಾಮೆರಾ ಎತ್ತಿದ. ಕಾಜಿನಲ್ಲಿ ಅವಳ ಮುಖ ಎರಡಾಗಿ ನಿಂತಿತು. ಎಡಗೈ ತಿರುಗಿತು, ಬೇಕಾದ್ದಕ್ಕಿಂತ ದೊಡ್ಡದಾಗಿ, ಹಿಂದೆ ನಿಂತವರಿಗೆ ಕಾಣಲೆಂದು. ತುಂಡುಗಳು ಕೂಡಿದವು. ಅವಳ ಎಡ ಹುಬ್ಬಿನಲ್ಲಿ ಒಂದು ಹಳೆಯ ಗಾಯದ ಗೆರೆ ಇತ್ತು. ಅದನ್ನು ಅವನು ಎಂದೂ ನೋಡಿರಲಿಲ್ಲ.

"ಕೂಸೆಲ್ಲೈತಿ?" ಎಂದಳು ಕಾಳವ್ವ.

"ಆಂ?"

"ಕೂಸಿನ ಕೂಡ ಹೊಡಿ ಅಂದಿದ್ನಿ. ಒಬ್ಬಾಕಿನ ನಿಂತ ನನ್ನ ಮಾರಿ ನಾ ಏನ ನೋಡಿಕೊಳ್ಳಲಿ?" ಅವಳು ಸೌಟು ಎತ್ತಿಕೊಂಡಳು. "ಹೋಗು, ಎಲೀಗೆ ಕೂಡು. ಮುಂಜಾನಿಂದ ತಿರವಿ ತಿರವಿ ಎಡಗೈಗೆ ಯಾಸರ ಆಗಿರಬೇಕು. ಉಣ್ಣಾಕ ಬಲಗೈ ಐತೆಲ್ಲ."

ಹೆಂಗಸರು ಬಿದ್ದು ಬಿದ್ದು ನಕ್ಕರು. ಕಾಜಿನಲ್ಲಿ ಅವಳ ಬೆನ್ನು, ಆಮೇಲೆ ಬರಿಯ ಹೊಗೆ ಹಿಡಿದ ಗೋಡೆ. ರಾಜಾರಾಮ ಕ್ಯಾಮೆರಾ ಇಳಿಸಿದ.

ಆಗ ಕಂಡಿತು. ಅವಳು ತಿರುಗಿದ ಕಡೆಯ ಗೋಡೆಯಲ್ಲಿ, ಉಪ್ಪಿನ ಗಡಿಗೆಯ ಮೇಲಿನ ಗೂಡಿನಲ್ಲಿ, ಬಾಚಣಿಗೆ, ಎಣ್ಣೆಬಾಟಲಿಗಳ ನಡುವೆ ಒಂದು ಫೋಟೋ ಒರಗಿಸಿಟ್ಟಿತ್ತು. ಬಾಪುಸಾಹೇಬನ ಡಬ್ಬಿಯದು. ನಡುವೆ ಗೋಡೆಯ ಮೊಳೆ, ಮೊಳೆಯ ತುಕ್ಕು ಕೂಡ ಚೊಕ್ಕಾಗಿ ಬಂದಿತ್ತು. ಅದರ ಎಡಕ್ಕೆ ಬಿಳಿ ಸೀರೆಯ ಒಂದು ಮೋಡ, ಮೋಡದ ಹೆಗಲ ಮೇಲೆ ಇನ್ನೊಂದು ಸಣ್ಣ ಮೋಡ, ಕಿವಿಯೋ ಗಾಳಿಯೋ ತಿಳಿಯದ್ದನ್ನು ಹಿಡಿಯಲು ಚಾಚಿದ ಒಂದು ಕೈ. ಎಂಥಾ ದರಿದ್ರ ಫೋಟೋ. ಅದರ ಅಂಚು ಮುಟ್ಟಿ ಮುಟ್ಟಿ ಆಗಲೇ ಜಿಡ್ಡಾಗಿತ್ತು.

ರಾಜಾರಾಮನ ಕಣ್ಣು ತನ್ನ ಅಭ್ಯಾಸದ ಪ್ರಕಾರ ಅಳೆಯಿತು. ಫೋಕಸ್ ಹನ್ನೊಂದು ಫೂಟಿಗೆ ಬಿದ್ದಿದೆ. ಅವಳು ನಿಂತದ್ದು ಏಳಕ್ಕೆ. ಅವತ್ತು ತಾನು ಸುಣ್ಣದ ಗೆರೆಯ ಮೇಲೇ ನಿಂತಿದ್ದ. ಬಳೆ ಏಳರ ಕೆಂಪು ಚುಕ್ಕೆಗೇ ಕೂತಿತ್ತು, ರೀಲಿನಲ್ಲಿ ಮೂರು ಬಾಕಿ ಇದ್ದವು. ಕೈ ತಿರುಗಿಸುವುದು ಕೂಡ ಬೇಕಿರಲಿಲ್ಲ. ಒಂದು ಬೆರಳು ಒತ್ತಿದ್ದರೆ ಆಗುತ್ತಿತ್ತು.

"ಸರಿಯಪಾ, ಬಾಗಲದಾಗ ನಿಂದರಬ್ಯಾಡ," ಎಂದು ಸಾರಿನ ಬಕೀಟು ಹೊತ್ತ ಒಬ್ಬಳು ಅವನನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿಕೊಂಡು ಹೋದಳು.